ಮೀನುಗಳ ಮಸೂದೆ

ಕೆರೆಯ ವಿಧಾನಸಭೆಯಲ್ಲಿ ಅಂದು ಒಂದೇ ಮಸೂದೆ ಮಂಡನೆಯಾಯಿತು. ಮೀನುಗಳು ಮೊಟ್ಟೆಯಿಡುವ ಜೊಂಡಿನ ಮೂಲೆಯನ್ನು ಕೊಕ್ಕರೆಗಳಿಗೆ ಬಿಟ್ಟುಕೊಡಬೇಕೆಂಬುದೇ ಆ ಮಸೂದೆ. ಮೀನುಗಳು ತಮ್ಮ ಪರವಾಗಿ ಮಾತಾಡಲು ಕಪ್ಪೆಗಳನ್ನು ಆರಿಸಿ ಕಳಿಸಿದ್ದವು. ಮೊಟ್ಟೆ ಹೊತ್ತ ಮೀನೊಂದು ಸಭಿಕರ ಸಾಲಿನಲ್ಲಿ ಕಾದಿತ್ತು.

ನಾಯಕ ಕಪ್ಪೆ ಎದ್ದು ನಿಂತಿತು. ಮಂತ್ರಿ ಕೊಕ್ಕರೆ ಕೂತಲ್ಲಿಂದಲೇ ಚುಚ್ಚಿತು: "ಮೊನ್ನೆವರೆಗೂ ಬಾಲ ಬಿಟ್ಕೊಂಡು ಓಡಾಡ್ತಿದ್ದವರು ಇವತ್ತು ನಮಗೆ ಕಾನೂನು ಹೇಳ್ತಾರಂತೆ!"

ಅಷ್ಟು ಸಾಕಾಯಿತು. "ಕ್ಷಮೆ ಕೇಳಲಿ! ಆ ಮಾತನ್ನು ಕಡತದಿಂದ ತೆಗೀರಿ!" ಎನ್ನುತ್ತ ಕಪ್ಪೆಗಳೆಲ್ಲ ಸದನದ ಬಾವಿಗೆ ಹಾರಿ ವಟಗುಟ್ಟತೊಡಗಿದವು. ಸಭಾಧ್ಯಕ್ಷ ಆಮೆ ಕತ್ತನ್ನು ಚಿಪ್ಪಿನೊಳಗೆ ಎಳೆದುಕೊಂಡು, ಅಲ್ಲಿಂದಲೇ ಕೇಳಿತು: "ಪರವಾಗಿರುವವರು ಹೌದು ಎನ್ನಿ." ಆ ಗದ್ದಲದಲ್ಲಿ ಯಾರು ಏನೆಂದರೋ ಯಾರಿಗೂ ಕೇಳಿಸಲಿಲ್ಲ. "ಹೌದು ಎಂದವರೇ ಹೆಚ್ಚು. ಮಸೂದೆ ಅಂಗೀಕಾರವಾಗಿದೆ. ಮಾನ್ಯ ಮಂತ್ರಿಗಳ ಮಾತನ್ನೂ ಕಡತದಿಂದ ತೆಗೆಯಲಾಗಿದೆ."

ಕಪ್ಪೆಗಳು ಜಯಕಾರ ಹಾಕುತ್ತ ಹೊರಬಂದವು. ಮೀನು ನಾಯಕ ಕಪ್ಪೆಯನ್ನು ಅಡ್ಡಗಟ್ಟಿತು.

"ನಮ್ಮ ವಿಷಯ ಯಾವಾಗ ಮಾತಾಡ್ತೀರಿ, ಸ್ವಾಮಿ?"

"ನೋಡಿದೆಯಲ್ಲಮ್ಮ, ಎಂಥಾ ಹೋರಾಟ! ಮಂತ್ರಿಯ ಮಾತನ್ನೇ ಅಳಿಸಿಬಿಟ್ಟೆವು!"

"ನನ್ನ ಮೊಟ್ಟೆ?"

"ಅದಾ? ಮುಂದಿನ ಅಧಿವೇಶನದಲ್ಲಿ ಖಂಡಿತ ಎತ್ತೋಣ."

ಅಷ್ಟರಲ್ಲಾಗಲೇ ಕೊಕ್ಕರೆಗಳು ಜೊಂಡಿನೊಳಕ್ಕೆ ಕಾಲಿಡುತ್ತಿದ್ದವು. ಅತ್ತ ನೋಡಿದ ಮೀನು ಕಪ್ಪೆಯತ್ತ ತಿರುಗಿ ಹೇಳಿತು:

"ಕೊಕ್ಕರೆ ನಮ್ಮನ್ನು ತಿನ್ನುತ್ತೆ ಅಂತ ನಮಗೆ ಗೊತ್ತಿತ್ತು. ಹಾಗಾಗೇ ಅದಕ್ಕೆ ಮತ ಹಾಕಲಿಲ್ಲ. ನಿಮಗೆ ಹಾಕಿದ್ದೆವು."