ಕಂಬದ ಪಕ್ಕದ ಎಲೆ

ಮೃತ್ಯುಂಜಯ ಹೊಳೆಯಲ್ಲಿ ಮಿಂದು ಬಂದು, ದಪ್ಪನೆಯ ಬರಹವೊಂದನ್ನು ಗುರುಗಳ ಮುಂದಿಟ್ಟು ಕೈಮುಗಿದ. ಆಟಿಸಂ ಬಗ್ಗೆ ಅವನು ಮಾಡಿದ ಸಂಶೋಧನೆ. ಒಂದು ವರ್ಷ ಆಶ್ರಮದ ತಿಪ್ಪಯ್ಯನನ್ನೇ ಗಮನಿಸಿ ಬರೆದಿದ್ದ.

ತಿಪ್ಪಯ್ಯ ಯಾರ ಮುಖವನ್ನೂ ನೋಡುವವನಲ್ಲ. ಮಾತು ಕಡಿಮೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಆಶ್ರಮದಲ್ಲಿ ಯಾರು ಏನೇ ಬರೆದರೂ ಅಂದವಾಗಿ ಪ್ರತಿ ಮಾಡಿಕೊಡುವವನು ಅವನೇ.

"ಇದನ್ನು ಪ್ರತಿ ಮಾಡಿದ್ದು ಯಾರು?" ಗುರುಗಳು ಕೇಳಿದರು.

"ತಿಪ್ಪಯ್ಯನೇ, ಗುರುಗಳೇ."

"ಅವನ ಬಗ್ಗೆ ಬರೆದದ್ದನ್ನು ಅವನ ಕೈಲೇ ಬರೆಸಿದೆಯಾ?"

"ಅವನಿಗೆ ಅಕ್ಷರ ಕಾಣುತ್ತೆ, ಅರ್ಥ ಮುಟ್ಟಲ್ಲ. ಐದನೇ ಪುಟದಲ್ಲಿ ಹಾಗಂತ ಬರೆದೂ ಇದ್ದೇನೆ."

ಓದಿದವರ ಜಾಣತನ ಹೀಗೇ ಇರುತ್ತದೆ.

ಗುರುಗಳು ಎದ್ದರು. "ಊಟಕ್ಕೆ ಬಾ."

ಪಂಕ್ತಿಯಲ್ಲಿ ಕಂಬದ ಪಕ್ಕದ ಜಾಗ ಖಾಲಿ ಇತ್ತು. ಹನ್ನೆರಡು ವರ್ಷ ತಿಪ್ಪಯ್ಯ ಅಲ್ಲೇ ಕೂತು ಉಂಡವನು.

"ಎಲ್ಲಿ ಅವನು?" ಮೃತ್ಯುಂಜಯ ಕೇಳಿದ.

ಅಡುಗೆಯ ಹೊನ್ನಮ್ಮ ಸೌಟು ಕೆಳಗಿಟ್ಟಳು. "ಮೂರು ದಿನದಿಂದ ಕೊಟ್ಟಿಗೇಲಿ ಉಣ್ತಾನೆ. ನಿನಗೆ ಈಗ ಕಂಡಿತಾ? ಯಾಕೋ ಅಂದ್ರೆ ನೀನು ಬರೆದ ಹಾಳೆ ತಂದು ಒಂದು ಸಾಲು ಓದಿದ."

"ಯಾವ ಸಾಲು?"

"ಆಟಿಸಂ ಪೀಡಿತರು ಜೊತೆಗಿರುವವರಿಗೆ ಹೊರೆ, ಅಂತ."

ಅದು ಮೃತ್ಯುಂಜಯನದೇ ಸಾಲು. ಆ ಸಾಲಿನೊಳಗೆ ಒಬ್ಬ ಮನುಷ್ಯ ಇದ್ದಾನೆಂದು ಬರೆಯುವಾಗ ಅವನಿಗೆ ಅನಿಸಿರಲೇ ಇಲ್ಲ.

ಕೊಟ್ಟಿಗೆಗೆ ಓಡಿದ. ತಿಪ್ಪಯ್ಯ ಹಸುವಿನ ಪಕ್ಕ ಎಲೆ ಹಾಕಿಕೊಂಡು ಕೂತಿದ್ದ.

"ತಿಪ್ಪಯ್ಯಾ, ನಿನ್ನನ್ನ ನೋಯಿಸಬೇಕು ಅಂತ ಬರೆದದ್ದಲ್ಲ. ಸಂಶೋಧನೆ ಮಾಡೋರೆಲ್ಲ ಹಾಗೇ ಬರೀತಾರೆ..."

ತಿಪ್ಪಯ್ಯ ನೆಲ ನೋಡುತ್ತಲೇ ಹೇಳಿದ. "ಒಂದಕ್ಷರಾನೂ ಬಿಟ್ಟಿಲ್ಲ. ಎರಡು ಸಲ ನೋಡಿದೀನಿ."

ಮೃತ್ಯುಂಜಯನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ಹಿಂದೆ ಬಂದು ನಿಂತಿದ್ದ ಗುರುಗಳ ಕಡೆ ತಿರುಗಿದ.

"ಎಲ್ಲ ಹರಿದುಹಾಕ್ತೇನೆ, ಗುರುಗಳೇ. ಹೊಸದಾಗಿ ಬರೀತೇನೆ. ಏನಂತ ಬರೀಲಿ, ನೀವೇ ಹೇಳಿ."

ಗುರುಗಳು ಅವನ ಜೇಬಿನಿಂದ ಪೆನ್ನು ತೆಗೆದು, ಒಂದು ಖಾಲಿ ಹಾಳೆಯ ಜೊತೆ ತಿಪ್ಪಯ್ಯನ ಪಕ್ಕದಲ್ಲಿಟ್ಟರು.

"ಅವನು ಬರೀಲಿ. ಈ ಸಲ ಪ್ರತಿ ಮಾಡೋನು ನೀನು."