ಒಂದು ಎಲೆಕ್ಟ್ರಾನ್ ಹೋದ ಮೇಲೆ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಚನ್ನಬಸಯ್ಯ ಎಂಬ ಗುರುಗಳಿದ್ದರು. ಹಿಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಕಾವಿ ಉಟ್ಟ ಮೇಲೂ ಆಶ್ರಮದ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದರು.

ಅವರ ಶಿಷ್ಯೆ ಕಸ್ತೂರಿ, ಆಚೆ ದಡದ ಊರಿನವಳು. ಅವಳೊಂದಿಗೇ ಅವಳಿಯಾಗಿ ಹುಟ್ಟಿದ ಅಕ್ಕ ಕಲಾವತಿ ಜ್ವರದಲ್ಲಿ ತೀರಿಕೊಂಡಿದ್ದಳು. ಆ ದುಃಖದಲ್ಲಿ ಈ ದಡಕ್ಕೆ ಬಂದ ಕಸ್ತೂರಿ ಮತ್ತೆ ದೋಣಿ ಹತ್ತಿರಲಿಲ್ಲ. ಅವ್ವ ಅಂಬಿಗನ ಕೈಲಿ ಎಷ್ಟು ಸಲ ಹೇಳಿ ಕಳಿಸಿದರೂ, ಆಮೇಲೆ ಬರುತ್ತೇನೆ ಎಂದುಬಿಡುತ್ತಿದ್ದಳು.

ಒಂದು ದಿನ ಗುರುಗಳು ಪರಮಾಣುವಿನ ಪಾಠವನ್ನು ಅವಳಿಗೆ ಒಪ್ಪಿಸಿ, ತಾವು ಮಕ್ಕಳ ಹಿಂದೆ ಚಾಪೆಯ ಮೇಲೆ ಕುಳಿತರು.

ಕಸ್ತೂರಿ ಚೆನ್ನಾಗಿಯೇ ಹೇಳಿದಳು. ನಟ್ಟನಡುವೆ ಪ್ರೋಟಾನು, ನ್ಯೂಟ್ರಾನು. ಎಷ್ಟೋ ದೂರದಲ್ಲಿ ಎಲೆಕ್ಟ್ರಾನು. ಉಳಿದದ್ದೆಲ್ಲ ಬಯಲು. ನಮ್ಮೊಳಗೂ ಇಷ್ಟು ಬಯಲಿದೆಯೇ ಎಂದು ಮಕ್ಕಳು ತಮ್ಮ ತಮ್ಮ ಅಂಗೈ ನೋಡಿಕೊಂಡರು.

ಆಗ ಒಬ್ಬಳು ಪುಟ್ಟ ಹುಡುಗಿ, ಒಂದು ಎಲೆಕ್ಟ್ರಾನ್ ಹೋಗಿಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು.

ಕಸ್ತೂರಿಯ ದನಿ ತಗ್ಗಿತು. "ಹೋದರೆ ಹೋಯಿತು. ಆಮೇಲೆ ಅದು ಅದಾಗಿ ಉಳಿಯುವುದಿಲ್ಲ."

ಗುರುಗಳು ಮಕ್ಕಳೆದುರು ತಿದ್ದಲಿಲ್ಲ.

ಸಂಜೆ ಅವಳನ್ನು ಹೊಳೆಯ ಹತ್ತಿರ ಕರೆದರು. ನೀರಿನ ಮೇಲೆ ಮಂಜು ಮಲಗಿತ್ತು. ಆಚೆ ದಡ ಇದೆಯೋ, ಯಾರೋ ಕಂಡ ಕನಸೋ ಎನ್ನುವ ಹಾಗಿತ್ತು.

ಗುರುಗಳು ಬೋಗುಣಿಯಲ್ಲಿ ನೀರು ತುಂಬಿ, ಅವಳನ್ನು ದೂರ ನಿಲ್ಲಿಸಿದರು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದ ಸೋಡಿಯಂ ತೆಗೆದು, ಸಾಸಿವೆಯಷ್ಟು ಕತ್ತರಿಸಿ, ಚಿಮಟದಿಂದ ನೀರಿಗೆ ಬಿಟ್ಟರು.

ಅದು ಬೆಳ್ಳಿಯ ಹನಿಯಾಯಿತು. ಸುಯ್ಯೆನ್ನುತ್ತ ನೀರಿನ ಮೇಲೆಲ್ಲ ಓಡಾಡಿತು. ಓಡುತ್ತ ಓಡುತ್ತಲೇ ಸಣ್ಣದಾಗಿ, ಕಾಣದಾಯಿತು. ನೀರು ಸುಮ್ಮನಾಯಿತು.

"ಅದರ ಒಂದೊಂದು ಪರಮಾಣುವೂ ಒಂದೊಂದು ಎಲೆಕ್ಟ್ರಾನ್ ಕಳೆದುಕೊಂಡಿತು," ಎಂದರು ಗುರುಗಳು. "ಈಗ ಅಯಾನಾಗಿ ನೀರಿನಲ್ಲಿದೆ."

"ಅಂದರೆ ಸೋಡಿಯಂ ಹೋಯಿತು."

"ಅದರ ನಡುವೆ ಪ್ರೋಟಾನ್ ಎಷ್ಟಿದ್ದವು?"

"ಹನ್ನೊಂದು."

"ಈಗ?"

ಕಸ್ತೂರಿ ಬೋಗುಣಿಯನ್ನೇ ನೋಡುತ್ತ ನಿಂತಳು. "ಹನ್ನೊಂದೇ."

"ಹಾಗಾದರೆ ಅದು ಯಾರು?"

"ಸೋಡಿಯಂ," ಎಂದಳು ಅವಳು.

ಹಾಗೇ ಮೆಲ್ಲಗೆ, ಒಳಗೆ ಭಾರ ಹೆಚ್ಚಾದರೆ ಏನು ಎಂದು ಕೇಳಿದಳು. ಭಾರ ಹೆಚ್ಚಾಗುವುದುಂಟು ಎಂದರು ಗುರುಗಳು. ನಡುವೆ ನ್ಯೂಟ್ರಾನ್ ಹೆಚ್ಚು ಇದ್ದರೆ ತೂಕ ಹೆಚ್ಚು. ಅಂಥದನ್ನು ಐಸೊಟೋಪ್ ಎನ್ನುತ್ತಾರೆ. ಪ್ರೋಟಾನ್ ಅಷ್ಟೇ ಇರುವ ತನಕ ಹೆಸರೂ ಅದೇ, ಧಾತುಗಳ ಕೋಷ್ಟಕದಲ್ಲಿ ಅದರ ಮನೆಯೂ ಅದೇ.

ಮಂಜು ದಡ ಹತ್ತಿ ಇಬ್ಬರ ಪಾದಗಳನ್ನೂ ಮುಚ್ಚಿತು.

"ಕಳೆದುಹೋದದ್ದು ಎಲ್ಲಿರುತ್ತದೆ, ಗುರುಗಳೇ?"

"ಉಪ್ಪಿನಲ್ಲಾದರೆ ಕ್ಲೋರಿನ್ ಅದನ್ನು ಇಟ್ಟುಕೊಂಡಿರುತ್ತದೆ. ಸೋಡಿಯಂ ಅದರ ಮಗ್ಗುಲಲ್ಲೇ ಇರುತ್ತದೆ."

ಕಸ್ತೂರಿ ಮಂಜಿನಾಚೆ ಕಾಣದ ದಡದ ಕಡೆ ತಿರುಗಿದಳು. ಅಲ್ಲಿ ಅವ್ವ ಈಗ ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಒಬ್ಬಳೇ.

ನೀರಿನಲ್ಲಿ ಹುಟ್ಟು ಹಾಕುವ ಸದ್ದು ಕೇಳಿಸಿತು. ದೋಣಿ ಮಂಜಿನೊಳಗಿಂದ ಬಂದು ನಿಂತಿತು. ಯಾರೂ ಕರೆಯದೆ ಅವಳು ಮೆಟ್ಟಿಲಿಳಿದಳು. ಒಂದು ಕಾಲು ದೋಣಿಯಲ್ಲಿಟ್ಟು, ತಿರುಗಿ ನಿಂತಳು. ಇಷ್ಟು ದಿನ ಯಾರಿಗೂ ಹೇಳದಿದ್ದ ಮಾತು ಆಗ ಹೊರಬಂತು.

"ಅಕ್ಕನದೂ ನನ್ನದೂ ಒಂದೇ ಮುಖ, ಗುರುಗಳೇ. ನನ್ನನ್ನು ನೋಡಿದಾಗಲೆಲ್ಲ ಅವ್ವ ಅಳುತ್ತಾಳೆ."

ಗುರುಗಳು ಅವಳನ್ನು ಹತ್ತಿಸಿ, ದೋಣಿಯನ್ನು ಮೆಲ್ಲಗೆ ನೀರಿಗೆ ನೂಕಿದರು.

"ಅಳಲಿ ಬಿಡು, ಕಸ್ತೂರಿ. ಆ ಮುಖ ಅವಳಿಗೆ ಇನ್ನೆಲ್ಲಿ ಸಿಗಬೇಕು?"