ಕಳೆ ಕೀಳೋಳು

ಗಂಧದ ಸಸಿ ಬೆಳೆಸುವ ಸರ್ಕಾರಿ ನರ್ಸರಿಯನ್ನು ಯಾರಿಗೆ ವಹಿಸಬೇಕೆಂದು ತೀರ್ಮಾನಿಸಲು ಅರಣ್ಯ ಇಲಾಖೆಯ ಸಾಹೇಬರು ಬಂದರು. ಕೇಳಿದವರು ಇಬ್ಬರೇ. ಒಬ್ಬ ಗುತ್ತಿಗೆದಾರ ನಂಜುಂಡಯ್ಯ. ಇನ್ನೊಬ್ಬಳು ಅವನ ಕೈಕೆಳಗೇ ಹನ್ನೆರಡು ವರ್ಷ ಕೂಲಿ ಮಾಡಿದ ಸೋಲಿಗರ ಕೇತಮ್ಮ, ತನ್ನ ಹಾಡಿಯ ಹೆಂಗಸರ ಸಂಘದ ಪರವಾಗಿ.

"ಅನುಭವ ಪತ್ರ ಇದೆಯೇನಮ್ಮ?" ಎಂದರು ಸಾಹೇಬರು.

ಎಲ್ಲಿಂದ ಬರಬೇಕು? ಎಲ್ಲ ಪತ್ರದಲ್ಲೂ ನಂಜುಂಡಯ್ಯನ ಹೆಸರೇ.

"ಈ ಸಸಿಗಳನ್ನೆಲ್ಲ ಹೆತ್ತ ಮಕ್ಕಳಂಗೆ ಸಾಕಿದ್ದೀನಿ ಸಾರ್," ಎಂದು ಅವನು ಎದೆಯುಬ್ಬಿಸಿದ. "ಇವಳಿಗೇನು ಗೊತ್ತು? ಕಳೆ ಕೀಳೋಳು!"

ಕೇತಮ್ಮ ಅವನಿಗೆ ಕೈಮುಗಿದಳು. "ದಿಟ ಬುದ್ಧಿ. ಅದೂ ನಂಗೆ ನೆಟ್ಟಗೆ ಬರಾಕಿಲ್ಲ. ಈ ಸಾಲಲ್ಲಿ ಕಳೆ ಯಾವ್ದು, ನೀವೇ ಒಸಿ ಕಿತ್ತು ತೋರ್ಸಿ."

ಸಾಹೇಬರ ಎದುರು ಹಿಂಜರಿಯುವುದುಂಟೇ? ನಂಜುಂಡಯ್ಯ ಪಂಚೆ ಎತ್ತಿಕಟ್ಟಿ ಕೂತ. ಪ್ರತಿ ಚೀಲದಲ್ಲೂ ಗಂಧದ ಸಸಿಗೆ ಒತ್ತಿಕೊಂಡು ಹೊನಗೊನ್ನೆ ಸೊಪ್ಪು ಬೆಳೆದಿತ್ತು. ಅದನ್ನು ಸರಸರನೆ ಕಿತ್ತೆಸೆದ.

ಐದನೆಯ ಚೀಲಕ್ಕೆ ಸಾಹೇಬರು ಕೂಗಿಕೊಂಡರು. "ನಿಲ್ಸಯ್ಯಾ! ಗಂಧದ ಗಿಡ ಉಣ್ಣೋದೇ ಆ ಸೊಪ್ಪಿನ ಬೇರಿಂದ. ಹೆತ್ತ ಮಕ್ಕಳ ತುತ್ತನ್ನೇ ಕಿತ್ಕೋತೀಯಲ್ಲ!"

ನರ್ಸರಿ ಸಂಘದ ಪಾಲಾಯಿತು.

ನಂಜುಂಡಯ್ಯ ಕಿತ್ತೆಸೆದ ಸೊಪ್ಪನ್ನು ಕೇತಮ್ಮ ಸಾರಿಗೆಂದು ಮಡಿಲಿಗೆ ತುಂಬಿಕೊಂಡಳು. "ಬೇಜಾರು ಮಾಡ್ಕೋಬೇಡಿ ಬುದ್ಧಿ. ನಾಳಿಂದ ನಮ್ಮ ಸಂಘಕ್ಕೇ ಕೂಲಿಗೆ ಬನ್ನಿ. ನೀರು ಹುಯ್ಯೀರಂತೆ. ಕಳೆ ಕೀಳೋ ಕೆಲ್ಸ ಮಾತ್ರ ಕೊಡಾಕಿಲ್ಲ."